ಬುದ್ಧಿ ಹಲ್ಲು ಕೀಳಿಸಿದ ಮೇಲೆ ವಸಡಿನ ಕಡೆ ಗಮನ ಇರಲಿ

ಬುದ್ಧಿ ಹಲ್ಲು ಕೀಳಿಸಿಕೊಂಡವರನ್ನು ಮನೆಯಲ್ಲಿ ನೋಡಿ ನೋಡಿ ನನಗೆ ಗೊತ್ತಾಗಿದ್ದು ಇಷ್ಟು. ಮೊದಲ ದಿನ ಸುಮ್ನೆ ಬಿಡಬೇಕಾದ ಗಾಯವನ್ನು ಕೆದಕುತ್ತಾರೆ. ನೋವು ಹೋದ ಮೇಲೆ, ನೋಡಿಕೊಳ್ಳಬೇಕಾದ ವಸಡನ್ನು ಮರೆತೇ ಬಿಡುತ್ತಾರೆ.

ಹಲ್ಲಿದ್ದ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂರುತ್ತದೆ. ಅದರ ಅಡಿಯಲ್ಲೇ ಗಾಯ ಮಾಯಬೇಕು. ಹಾಗಾಗಿ 24 ಗಂಟೆ ಮುಕ್ಕಳಿಸುವುದು, ಉಗುಳುವುದು, ನಾಲಿಗೆಯಿಂದ ತಡವುವುದು ಬೇಡ. ಗಾಂಧಿ ಬಜಾರಿನಲ್ಲಿ ಎಳನೀರು ತಗೊಂಡರೆ ಸ್ಟ್ರಾ ಹಾಕಿ ಹೀರಬೇಡಿ, ಮನೆಗೆ ತಂದು ಲೋಟಕ್ಕೆ ಬಗ್ಗಿಸಿ ಕುಡಿಯಿರಿ. ಹೀರುವ ರಭಸಕ್ಕೆ ಹೆಪ್ಪು ಕಿತ್ತುಬಂದರೆ ಒಳಗಿನ ಮೂಳೆ ಬಯಲಾಗಿ, ಮೂರ್ನಾಲ್ಕನೇ ದಿನಕ್ಕೆ ಕಿವಿವರೆಗೂ ಸಿಡಿತ ಶುರುವಾಗುತ್ತದೆ. ಡಾಕ್ಟರು ಡ್ರೈ ಸಾಕೆಟ್ ಅನ್ನೋದು ಇದಕ್ಕೇ. ಸಿಗರೇಟು ಸೇದುವವರಿಗೆ ಈ ಕಾಟ ಜಾಸ್ತಿ. ಪಕ್ಕದ ಮನೆಯವರು ಏನೇ ಹೇಳಲಿ, ಗುಳಿಗೆ ಅರಿಶಿನ, ಲವಂಗದ ಎಣ್ಣೆ ತುಂಬಬೇಡಿ.

ಊಟಕ್ಕೆ ಮೊಸರನ್ನ ಸರಿ, ಆದರೆ ಅಭ್ಯಾಸಬಲದಿಂದ ಒಗ್ಗರಣೆ ಹಾಕಿಬಿಡುತ್ತೇವೆ ಅಲ್ವಾ? ಒಂದು ಸಾಸಿವೆ ಕಾಳು ಗುಳಿಗೆ ಇಳಿದರೆ ತೆಗೆಯುವುದು ಫಜೀತಿ. ಅನ್ನ ಮೆತ್ತಗೆ ಬೇಯಿಸಿ, ಮಿದ್ದು, ಬರೀ ಉಪ್ಪು ಮೊಸರು ಹಾಕಿ ಕಲಸಿ. ರಾಗಿ ಗಂಜಿ ಆರಿದ ಮೇಲೆ ಕೊಡಿ. ಬಿಸಿ ಕಾಫಿಗೆ ಒಂದು ದಿನ ರಜೆ.

ಮಾರನೇ ದಿನದಿಂದ ತಿಂದಾಗಲೆಲ್ಲ ಉಪ್ಪುನೀರು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಸಾಕು. ಗಳಗಳ ಅನ್ನಿಸಬೇಡಿ. ಬಾಯಲ್ಲಿ ಇಟ್ಟುಕೊಂಡು ತಲೆ ಅತ್ತಿತ್ತ ವಾಲಿಸಿ, ಬಗ್ಗಿ ಬಾಯಿ ಬಿಡಿ, ನೀರು ತಾನಾಗಿ ಬೀಳುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಜ್ವರ, ಕೀವು, ಮೂರು ದಿನ ಕಳೆದರೂ ಏರುತ್ತಿರುವ ಊತ, ನುಂಗಲು ಕಷ್ಟ, ಇದರಲ್ಲಿ ಯಾವುದು ಕಂಡರೂ ಟ್ರಾಫಿಕ್ ನೆಪ ಹೇಳದೆ ಅವತ್ತೇ ಹೊರಡಿ.

ಇನ್ನು ವಸಡು. ತೊಂದರೆ ಹುಟ್ಟುವುದು ಕಿತ್ತ ಹಲ್ಲಿನ ಪಕ್ಕದ ದವಡೆ ಹಲ್ಲಿನ ಹಿಂಬದಿಯಲ್ಲಿ. ಅಲ್ಲಿ ಸೊಪ್ಪು, ಅನ್ನ ಸಿಕ್ಕಿ ಪಾಚಿ ಕಟ್ಟಿದರೆ ವಸಡು ಊದಿ, ಮೆಲ್ಲಗೆ ಹಲ್ಲು ಬಿಟ್ಟು ಸರಿಯುತ್ತದೆ. ನೋವೇ ಇರುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಗಾಯ ಕೂಡಿಕೊಂಡ ಮೇಲೆ ಮಕ್ಕಳ ಮೆತ್ತನೆ ಬ್ರಷ್ ತಗೊಳ್ಳಿ, ಅದರ ತಲೆ ಚಿಕ್ಕದು. ಬಾಯಿ ದೊಡ್ಡದಾಗಿ ತೆರೆದರೆ ಕೆನ್ನೆ ಬಿಗಿದು ಬ್ರಷ್ ಹಿಂದೆ ಹೋಗುವುದಿಲ್ಲ. ಅರ್ಧ ಮುಚ್ಚಿ, ಬ್ರಷ್ಷಿನ ತುದಿಯನ್ನು ಕೊನೆ ಹಲ್ಲಿನ ಬೆನ್ನಿಗೆ ತಿರುಗಿಸಿ, ರಾತ್ರಿ ಮಲಗುವ ಮುಂಚೆ ಒತ್ತದೆ ಉಜ್ಜಿ.