ನಮ್ಮ ಈಕೋಗೆ ಲಿಫ್ಟ್, ದೊಡ್ಡ ಟೈರ್: ನನ್ನ ಅನುಭವ

ಮಾರುತಿ ಈಕೋ ವ್ಯಾನನ್ನು ಎತ್ತರ ಮಾಡಿದರೆ ತಿರುವಿನಲ್ಲಿ ಮಗುಚುತ್ತೆ, ಎಂಜಿನ್ ಎಳೆಯಲ್ಲ, ದುಡ್ಡು ದಂಡ. ನಾನು ಕೇಳಿದ ಮಾತುಗಳು ಇವು. ನಮ್ಮ ಮೆಕ್ಯಾನಿಕ್ ಅಂತೂ, ‘ಸುಮ್ನೆ ಯಾಕೆ ಮಾರಾಯ್ರೇ, ಹಳೇ ಜೀಪ್ ಒಂದು ತಗೊಳ್ಳಿ’ ಎಂದುಬಿಟ್ಟ. ಈಗ ಮಳೆಗಾಲ ಕಳೆದಿದೆ. ಅಡಿಕೆಯ ಕೊಳೆರೋಗದ ಔಷಧಿಯ ಡ್ರಮ್ಮು, ಸುಣ್ಣದ ಚೀಲ, ಕೆಲಸದವರು ಎಲ್ಲಾ ಹತ್ತಿಕೊಂಡು ಗಾಡಿ ತೋಟದ ತುದಿವರೆಗೆ ಹೋಗಿ ಬರುತ್ತಿದೆ. ಕೆಳಗೆ ಎಲ್ಲೂ ತಾಗಿಲ್ಲ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮದು ಕೊಪ್ಪದ ಕಡೆ. ಮನೆಯಿಂದ ತೋಟಕ್ಕೆ ಇಳಿಯುವ ದಾರಿಯಲ್ಲಿ ಟ್ರ್ಯಾಕ್ಟರ್ ಓಡಿ ಎರಡು ಕಡೆ ಗುಂಡಿ, ನಡುವೆ ಹುಲ್ಲು ಬೆಳೆದ ದಿಣ್ಣೆ. ದಿಣ್ಣೆಯಲ್ಲಿ ಅಲ್ಲಲ್ಲಿ ಜಂಬಿಟ್ಟಿಗೆ ಕಲ್ಲು ತಲೆ ಎತ್ತಿರುತ್ತದೆ. ಗಾಡಿ 2014ರ ಮಾಡೆಲ್, 1196 ಸಿಸಿ ಪೆಟ್ರೋಲ್. ಕಂಪನಿ ಕೊಟ್ಟ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಅಂತರ, 160 ಮಿ.ಮೀ. ಲೋಡ್ ಹಾಕಿದರೆ ಅದೂ ಇಲ್ಲ. ಸೈಲೆನ್ಸರ್ ಉಜ್ಜಿ ಉಜ್ಜಿ ತಳ ತಗಡಿನಷ್ಟು ತೆಳ್ಳಗಾಗಿತ್ತು.

ಮೊದಲು ಹಾಕಿದ್ದು ಸ್ಪ್ರಿಂಗ್ ಸುತ್ತಿನ ನಡುವೆ ಸಿಕ್ಕಿಸುವ ರಬ್ಬರ್ ಬಫರ್. ಎರಡೂವರೆ ಸಾವಿರ ಇರಬೇಕು. ಸ್ವಲ್ಪ ದಿನ ಚೆನ್ನಾಗಿತ್ತು. ಆಮೇಲೆ ಕೆಸರು ತುಂಬಿ ಒಂದು ಜಾರಿ ಬಿದ್ದೇ ಹೋಯಿತು. ಮುಂದಿನ ಪ್ರಯತ್ನ, ಹಿಂದಕ್ಕೆ ದಪ್ಪ ತಂತಿಯ ಸ್ಪ್ರಿಂಗ್. ಮಾಡಿಸಿದ್ದಕ್ಕೆ ಏಳು ಸಾವಿರದ ಹತ್ತಿರ ಹೋಯಿತು. ಲೋಡ್ ಇದ್ದಾಗ ಬಹಳ ಚಂದ. ಖಾಲಿ ಇದ್ದಾಗ ಹಿಂದಿನ ಚಕ್ರ ನೆಲದಲ್ಲಿ ನಿಲ್ಲುವುದೇ ಇಲ್ಲ. ಈಕೋ ಹಿಂದಿನ ಚಕ್ರದಲ್ಲಿ ಓಡುವ ಗಾಡಿ ಅಲ್ವಾ? ಚಕ್ರ ಕುಣಿದರೆ ಏರು ಹತ್ತುವುದು ಹೇಗೆ? ಅಮ್ಮನಿಗೆ ಸೊಂಟ ನೋವು ಬೇರೆ ಶುರುವಾಯಿತು. ಆ ಸ್ಪ್ರಿಂಗ್ ಈಗ ಅಡಿಕೆ ಕೊಟ್ಟಿಗೆಯ ಮೂಲೆಯಲ್ಲಿದೆ.

ಇಷ್ಟಾದ ಮೇಲೆ ಗಾಡಿಯ ಕೆಳಗೆ ಮಲಗಿ ಟಾರ್ಚ್ ಹಿಡಿದು ಪೂರ್ತಿ ನೋಡಿದೆ. ಸೈಲೆನ್ಸರ್ ಬಿಟ್ಟರೆ ಜಾಸ್ತಿ ಗೀರು ಇದ್ದದ್ದು ಡಿಫರೆನ್ಷಿಯಲ್ ಗುಂಡಿನ ಮೇಲೆ, ಅಂದರೆ ಎರಡೂ ಹಿಂದಿನ ಚಕ್ರಕ್ಕೆ ಎಳೆತ ಹಂಚುವ ಗೇರುಗಳಿರುವ ಉಬ್ಬಿನ ಮೇಲೆ. ಅದು ಆಕ್ಸಲ್ ಜೊತೆಗೇ ಇರುವಂಥದ್ದು. ಸ್ಪ್ರಿಂಗ್ ಎಷ್ಟೇ ಎತ್ತರಿಸಿ, ಬಾಡಿ ಮೇಲೆ ಹೋಗುತ್ತದೆಯೇ ಹೊರತು ಗುಂಡು ಇದ್ದಲ್ಲೇ ಇರುತ್ತದೆ. ಅದನ್ನು ಎತ್ತುವುದು ಟೈರ್ ಮಾತ್ರ. ಲಿಫ್ಟ್ ಕಿಟ್‌ಗೆ ಸಾವಿರಾರು ಸುರಿದು ಟೈರ್ ಹಳೆಯದನ್ನೇ ಇಟ್ಟುಕೊಂಡವರನ್ನು ಎಷ್ಟೋ ಜನ ನೋಡಿದ್ದೇನೆ. ಕೆಲಸ ಆಗಬೇಕಾದ್ದು ತಿರುಗಾಮುರುಗಾ.

ನನ್ನ ಗಾಡಿಗೆ ಬಂದದ್ದು 155/65 ಆರ್13, ಅಂದರೆ ಅಗಲ 155 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ 65 ಪರ್ಸೆಂಟ್, ರಿಮ್ 13 ಇಂಚು. ಅದರ ಎತ್ತರ ಲೆಕ್ಕದಲ್ಲಿ 532 ಮಿ.ಮೀ. ಅದೇ ರಿಮ್‌ಗೆ 155/80 ಆರ್13 ಹಾಕಿಸಿದೆ, 578 ಆಯಿತು. ಅರ್ಧ ಅಂದರೆ 23 ಮಿ.ಮೀ. ಗುಂಡು ಮೇಲೆ ಬಂತು. ಟೈರ್ ಅಂಗಡಿಯವರು 175/70 ಹಾಕಿ, ಅಗಲ ಇದ್ದರೆ ಗ್ರಿಪ್ ಅಂದರು. ಒಂದು ಜೊತೆ ಹಳೆಯದು ತಂದು ಮುಂದೆ ಹಾಕಿ ನೋಡಿದೆ. ಎತ್ತರ ಹೆಚ್ಚುಕಮ್ಮಿ ಅಷ್ಟೇ, ಆದರೆ ಪೂರ್ತಿ ಸ್ಟೇರಿಂಗ್ ತಿರುಗಿಸಿದರೆ ಒಳಗೆ ಉಜ್ಜುತ್ತದೆ. ನನ್ನದಕ್ಕೆ ಪವರ್ ಸ್ಟೇರಿಂಗ್ ಇಲ್ಲ, ತೋಳು ಬಿದ್ದುಹೋಗುತ್ತದೆ. ಕೆಸರಿನಲ್ಲಿ ಅಗಲ ಕಮ್ಮಿ ಇರುವ ಟೈರೇ ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ. ಸ್ಟೆಪ್ನಿ ಸೇರಿ ಐದೂ ಒಂದೇ ಸೈಜ್ ಇರಲಿ. ಹಿಂದೆ ಒಂದು ದೊಡ್ಡದು ಒಂದು ಚಿಕ್ಕದು ಹಾಕಿ ಓಡಿಸಿದರೆ ಡಿಫರೆನ್ಷಿಯಲ್‌ಗೆ ವಿಶ್ರಾಂತಿಯೇ ಇರುವುದಿಲ್ಲ.

ಸ್ಪೇಸರ್, ಅಂದರೆ ಬಾಡಿ ಎತ್ತರಿಸಲು ಸಿಕ್ಕಿಸುವ ಬಿಲ್ಲೆ, ಆಮೇಲಿನ ಕೆಲಸ. ನೈಲಾನ್ ರಾಡ್ ತಂದು ತೀರ್ಥಹಳ್ಳಿಯಲ್ಲಿ ಲೇತ್‌ನಲ್ಲಿ ಕಡೆಸಿದೆ. ಮುಂದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಟ್ಟಿಗೇ ಇರುವ ಕಂಬ) ಮೇಲೆ 20 ಮಿ.ಮೀ., ಹಿಂದೆ ಕಾಯಿಲ್ ಸ್ಪ್ರಿಂಗ್‌ಗೆ 30. ಹಿಂದೆ ಸ್ವಲ್ಪ ಜಾಸ್ತಿ ಬೇಕು, ಲೋಡ್ ಬಿದ್ದಾಗ ಸಮ ಆಗುತ್ತದೆ. ಶುರುವಿನಲ್ಲಿ ಹಳೇ ಶಾಕ್ ಅಬ್ಸಾರ್ಬರನ್ನೇ ಬಿಟ್ಟಿದ್ದೆ. ಪ್ರತಿ ಗುಂಡಿ ದಾಟಿದಾಗಲೂ ಹಿಂದೆ ‘ಠಕ್’. ಶಾಕ್ ಪೂರ್ತಿ ಉದ್ದಕ್ಕೆ ಎಳೆದು ನಿಲ್ಲುತ್ತಿತ್ತು. ಕೆಲವೇ ತಿಂಗಳಲ್ಲಿ ಎರಡೂ ಎಣ್ಣೆ ಸೋರಿದವು. ಬೇರೆ ಒಂದು ಗಾಡಿಯ ಶಾಕ್ ಒಂದಿಂಚು ಉದ್ದ ಇದೆ, ಬುಷ್ ಬದಲಿಸಿದರೆ ನೇರ ಕೂರುತ್ತದೆ. ಯಾವ ಗಾಡಿಯದ್ದು ಅಂತ ಇಲ್ಲಿ ಬರೆಯುವುದಿಲ್ಲ. ಅದನ್ನು ಹುಡುಕಲು ನಾನು ಸ್ಕ್ರ್ಯಾಪ್ ಅಂಗಡಿಗಳಲ್ಲಿ ಬಹಳ ಅಲೆದಿದ್ದೇನೆ. ಅಲೈನ್‌ಮೆಂಟ್‌ನಲ್ಲಿ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ) ಸರಿ ಮಾಡಿದ ಉಪಾಯವೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಹಿಂದೆ 30ಕ್ಕೇ ಯಾಕೆ ನಿಲ್ಲಿಸಿದೆ ಎಂದರೆ, ಆಕ್ಸಲನ್ನು ಅಡ್ಡಕ್ಕೆ ಹಿಡಿದಿರುವ ರಾಡ್ ಇದೆಯಲ್ಲ, ಬಾಡಿ ಎದ್ದಷ್ಟೂ ಅದು ಆಕ್ಸಲನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ. ತೂಗುಗುಂಡು ಬಿಟ್ಟು ಅಳೆದೆ, ನಾಲ್ಕೈದು ಮಿ.ಮೀ. ಸರಿದಿತ್ತು. ಇನ್ನೂ ಎತ್ತರಿಸಿದರೆ ರಾಡ್ ಕತ್ತರಿಸಿ ವೆಲ್ಡ್ ಮಾಡಬೇಕು. ಅದು ನನಗೆ ಬೇಡ. ಜಾಕ್ ಕೊಟ್ಟು ಚಕ್ರ ನೇತಾಡಲು ಬಿಟ್ಟು ಬ್ರೇಕ್ ಹೋಸ್ (ಬ್ರೇಕ್ ಎಣ್ಣೆಯ ರಬ್ಬರ್ ಪೈಪು) ಬಿಗಿಯಾಗುತ್ತದೆಯೇ ಎಂದು ಕೈಯಿಂದ ಮುಟ್ಟಿ ನೋಡಿ. ಇದನ್ನು ಯಾರೂ ಬಿಡಬೇಡಿ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಆರ್‌ಟಿಒ, ಇನ್ಶೂರೆನ್ಸ್ ಎರಡೂ ಕಡೆ ಕೇಳಿಕೊಂಡೇ ಕೈ ಹಾಕಿ. ನಾನು ಏನನ್ನೂ ಕೊಯ್ದಿಲ್ಲ, ಅರ್ಧ ದಿನ ಕೂತರೆ ಎಲ್ಲಾ ಮೊದಲಿನಂತೆ ಮಾಡಬಹುದು.

ಖರ್ಚು: ಐದು ಟೈರ್‌ಗೆ 17 ಸಾವಿರ, ನೈಲಾನ್ ಮತ್ತು ಲೇತ್ ಸೇರಿ ಮೂರು, ಶಾಕ್‌ಗೆ ನಾಲ್ಕು, ಬೋಲ್ಟು, ಕೂಲಿ, ಅಲೈನ್‌ಮೆಂಟ್‌ಗೆ ಮತ್ತೆ ಮೂರೂವರೆ. 28 ಸಾವಿರದ ಒಳಗೆ ಮುಗಿಯಿತು. ಕೆಲಸಕ್ಕೆ ಬಾರದೆ ಹೋದದ್ದು ಬೇರೆ ಒಂದು ಹತ್ತು. ಬೆಂಗಳೂರಿನ ಒಂದು ಕಡೆ ಇದೇ ಕೆಲಸಕ್ಕೆ 65 ಸಾವಿರ ಕೇಳಿದ್ದರು.

ಮೈಲೇಜ್ ಬಿತ್ತು ಎನ್ನುವವರಿಗೆ ಒಂದು ಲೆಕ್ಕ. ದೊಡ್ಡ ಟೈರ್ ಒಂದು ಸುತ್ತಿಗೆ ಸುಮಾರು ಎಂಟೂಮುಕ್ಕಾಲು ಪರ್ಸೆಂಟ್ ಜಾಸ್ತಿ ದೂರ ಹೋಗುತ್ತದೆ, ಮೀಟರ್‌ಗೆ ಅದು ಗೊತ್ತಿಲ್ಲ. ನನಗೆ ಮೊದಲು 14 ಬರುತ್ತಿತ್ತು, ಈಗ ಮೀಟರ್ ಪ್ರಕಾರ 13. ಸರಿಪಡಿಸಿದರೆ ಮತ್ತೆ 14ರ ಹತ್ತಿರವೇ. ಸ್ಪೀಡೋಮೀಟರನ್ನು ಮೊಬೈಲ್ ಜಿಪಿಎಸ್ ಜೊತೆ ಹೋಲಿಸಿದೆ. ಮೊದಲು ಮೀಟರ್ 60 ತೋರಿಸಿದಾಗ ನಿಜಕ್ಕೂ 57 ಇರುತ್ತಿತ್ತು, ಈಗ 62. ಎಳೆತ ಮಾತ್ರ ಸ್ವಲ್ಪ ಕಮ್ಮಿ ಆಗಿದೆ, ಕಡಿದಾದ ಏರಿನಲ್ಲಿ ಎರಡನೇ ಗೇರ್ ಬದಲು ಒಂದನೆಯದು ಬೇಕು.

ಮಗುಚುವ ಮಾತನ್ನು ಪರೀಕ್ಷೆ ಮಾಡಲು ಆಗುಂಬೆ ಘಾಟಿ ಇಳಿಸಿ ಹತ್ತಿಸಿದೆ. 14 ಹೇರ್‌ಪಿನ್ ತಿರುವು. ಗಾಡಿ ಮೊದಲಿಗಿಂತ ಓಲುತ್ತದೆ, ಅದು ಹೌದು. ವೇಗ ಸ್ವಲ್ಪ ತಗ್ಗಿಸಿದರೆ ಹೆದರಿಕೆ ಇಲ್ಲ. ಆದರೆ ಮೇಲಿನ ಕ್ಯಾರಿಯರ್ ಬಿಚ್ಚಿಟ್ಟೆ. ಎತ್ತರಿಸಿದ ಗಾಡಿಗೆ ತಲೆಯ ಮೇಲೆ ಭಾರ ಬೇಡವೇ ಬೇಡ.

ನೈಲಾನ್ ಶುರುವಿನಲ್ಲಿ ಸ್ವಲ್ಪ ಕೂರುತ್ತದೆ. ಐನೂರು ಕಿಲೋಮೀಟರ್ ಓಡಿಸಿದ ಮೇಲೆ ಸ್ಟ್ರಟ್‌ನ ನಟ್ಟುಗಳನ್ನು ಮತ್ತೊಮ್ಮೆ ಟೈಟ್ ಮಾಡಿ. ನನ್ನದರಲ್ಲಿ ಒಂದೊಂದೂ ಕಾಲು ಸುತ್ತು ಬಂತು.