ಒಂದು ಹಾಲೆಮರ, ಮೂರು ಕತೆ: ನಿಮ್ಮ ಕಾಲೇಜಿಗೊಂದು ಕತೆಗಳ ನಕ್ಷೆ ಮಾಡಿ

ಕಾಸರಗೋಡಿನ ಯಾವುದಾದರೂ ಕಾಲೇಜಿನಲ್ಲಿ ಹಾಲೆಮರ ಇದ್ದರೆ, ಅದರ ಬಗ್ಗೆ ಮೂವರನ್ನು ಕೇಳಿ ನೋಡಿ. ತುಳು ಮನೆಮಾತಿನ ಹುಡುಗಿಗೆ ತುಳುವರ ಆಟಿ ತಿಂಗಳ ಅಮಾವಾಸ್ಯೆ ನೆನಪಾಗುತ್ತದೆ. ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತೆಗೆದ ತೊಗಟೆಯ ಕಹಿ ಕಷಾಯ. ಮಲಯಾಳ ಮನೆಮಾತಿನ ಹುಡುಗ, ಇದು ಯಕ್ಷಿ ಇರುವ ಮರ, ಕತ್ತಲಾದ ಮೇಲೆ ಬುಡದಲ್ಲಿ ನಿಲ್ಲಬಾರದು ಅನ್ನುತ್ತಾನೆ. ಸಸ್ಯಶಾಸ್ತ್ರದ ಮೇಷ್ಟ್ರು ಇನ್ನೊಂದು ಹೇಳುತ್ತಾರೆ: ಹಿಂದೆ ಇದರ ಹಲಗೆಯಿಂದ ಶಾಲೆ ಮಕ್ಕಳಿಗೆ ಸ್ಲೇಟು ಮಾಡುತ್ತಿದ್ದರು, ಅದಕ್ಕೇ ಇದರ ವೈಜ್ಞಾನಿಕ ಹೆಸರಿನಲ್ಲಿ ‘ಸ್ಕಾಲರಿಸ್’, ಅಂದರೆ ಶಾಲೆಯದ್ದು, ಅಂತ ಇದೆ.

ಕಾಲೇಜಿನ ಮರ, ಕಟ್ಟಡಗಳ ಫೋಟೊ ಮತ್ತು ಕತೆಗಳನ್ನು ಅವು ಇರುವ ಜಾಗದಲ್ಲೇ ಗುರುತಿಸುವುದು ಕತೆಗಳ ನಕ್ಷೆ. ಅದರಲ್ಲಿ ಈ ಮರ ಒಂದೇ ಚುಕ್ಕಿ. ಆದರೆ ಮೂರು ಕತೆಗಳೂ ಆ ಚುಕ್ಕಿಯಡಿ ಇರಬೇಕು. ಇಷ್ಟೊಂದು ಭಾಷೆಗಳು ಒಟ್ಟಿಗೆ ಬದುಕುವ ನಮ್ಮ ಊರಲ್ಲಿ ‘ಸರಿಯಾದ ಕತೆ’ ಯಾವುದು ಅಂತ ಹುಡುಕುವುದು ಬೇಡ. ಹೇಳಿದ್ದೆಲ್ಲ ಬರಲಿ. ವಿದ್ಯಾರ್ಥಿಗಳ ಮೊಬೈಲ್ ಫೋಟೊಗಳಿಂದಲೇ ಇದನ್ನು ಮಾಡಬಹುದು.

ಶುರು ಮಾಡುವ ಮೊದಲು ಪ್ರಾಂಶುಪಾಲರ ಅನುಮತಿ ತಗೊಳ್ಳಿ. ಐದಾರು ಜನರ ತಂಡ ಸಾಕು. ಆದರೆ ತಂಡದಲ್ಲಿ ಬೇರೆ ಬೇರೆ ಮನೆಮಾತಿನವರು ಇರಲೇಬೇಕು. ತುಳು ಅಜ್ಜಿಯ ಹತ್ತಿರ ತುಳುವಿನಲ್ಲೇ ಕೇಳಿದರೆ ಬರುವ ಕತೆಯೇ ಬೇರೆ, ಅಲ್ವಾ?

ಫೋನಿನಲ್ಲಿ ಮೊದಲು ನೋಡಬೇಕಾದ್ದು

ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಶನ್ ಆನ್ ಮಾಡಿ. ಆಮೇಲೆ ತೆಗೆದ ಪ್ರತಿ ಫೋಟೊದೊಳಗೂ ಅಕ್ಷಾಂಶ, ರೇಖಾಂಶ ಸೇರಿಕೊಳ್ಳುತ್ತದೆ. ಇದೇ ಜಿಯೋಟ್ಯಾಗ್. ಬಯಲಿನಲ್ಲಿ ಫೋನು ಸುಮಾರು 5 ಮೀಟರ್ ಆಚೀಚೆ ಜಾಗ ತೋರಿಸುತ್ತದೆ. ದಟ್ಟ ಮರಗಳ ಕೆಳಗೆ, ಗೋಡೆಗಳ ನಡುವೆ ವ್ಯತ್ಯಾಸ ಜಾಸ್ತಿ. ಹಾಗಾಗಿ ತೆರೆದ ಜಾಗದಲ್ಲಿ ಒಂದು ನಿಮಿಷ ನಿಂತು, ಮ್ಯಾಪಿನ ನೀಲಿ ಚುಕ್ಕಿ ಅಲುಗಾಡುವುದು ನಿಂತ ಮೇಲೆ ಫೋಟೊ ತೆಗೆಯಿರಿ.

ಆವರಣದಲ್ಲಿ ನೀರಿನ ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡಡ್ಡ ಕೊರೆದದ್ದು) ಇದ್ದರೆ ಅದರ ಬಾಯಿಯಲ್ಲೇ ಫೋಟೊ ತೆಗೆದು ನಿಲ್ಲಿಸಿ. ಒಳಗೆ ಜಿಪಿಎಸ್ ಸಿಗುವುದಿಲ್ಲ. ಹಳೆಯ ಸುರಂಗಕ್ಕೆ ಇಳಿಯುವುದು ಅಪಾಯ ಕೂಡ.

ಕಟ್ಟಡವನ್ನು ಹತ್ತಿರದಿಂದ ನೋಡಿ

ಹೆಚ್ಚಿನವರು ಎದುರಿನಿಂದ ಒಂದು ಫೋಟೊ ತೆಗೆದು ಮುಂದೆ ಹೋಗುತ್ತಾರೆ. ಅದು ಸಾಲದು. ದೂರದಿಂದ ಒಂದು, ಬಾಗಿಲು ಕಿಟಕಿಗಳದ್ದು ಒಂದು, ಮುರಕಲ್ಲಿನ ಗೋಡೆಯ ಸಂದಿಯದ್ದು ಒಂದು, ಮಾಡಿನ ಹಂಚು ಹೊರುವ ಮರದ ಪಕ್ಕಾಸು, ರೀಪುಗಳದ್ದು ಒಂದು. ಗಾರೆ ಉದುರಿದ ಜಾಗ ಸಿಕ್ಕರೆ ಬಿಡಬೇಡಿ. ಕಲ್ಲು ಹೇಗೆ ಕೂರಿಸಿದ್ದಾರೆ, ನಡುವೆ ಏನು ಹಾಕಿದ್ದಾರೆ ಎನ್ನುವುದು ಅಲ್ಲೇ ಕಾಣುತ್ತದೆ.

ಹಂಚಿನ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಹಿತ್ತಲಲ್ಲಿ ಪೇರಿಸಿಟ್ಟ ಹಳೆಯ ಹಂಚು ಇದ್ದರೆ ಒಂದನ್ನು ತಿರುವಿ ಹಾಕಿ, ಧೂಳು ಒರೆಸಿ. ಅಡಿಯಲ್ಲಿ ಕಾರ್ಖಾನೆಯ ಹೆಸರು ಉಬ್ಬಕ್ಷರದಲ್ಲಿ ಇರುತ್ತದೆ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯ ಹಂಚಿನಲ್ಲಿ 1865 ಅಂತ ಕಂಡರೆ ‘ಈ ಕಟ್ಟಡ 1865ರದ್ದು’ ಅಂತ ಬರೆದುಬಿಡಬೇಡಿ. ಅದು ಮಂಗಳೂರಿನಲ್ಲಿ ಅವರ ಮೊದಲ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಹಂಚು ಎಷ್ಟೋ ದಶಕ ಆಮೇಲಿನದ್ದಿರಬಹುದು. ಒಂದು ಮಾಡಿನಿಂದ ಇಳಿಸಿ ಇನ್ನೊಂದಕ್ಕೆ ಹೊದಿಸುವುದೂ ನಮ್ಮಲ್ಲಿ ಮಾಮೂಲು. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು, ಬೆಳಕು ಓರೆಯಾಗಿ ಬೀಳುವ ಬೆಳಗಿನ ಹೊತ್ತು ಫೋಟೊ ತೆಗೆದರೆ ಅಕ್ಷರ ಸ್ಪಷ್ಟವಾಗಿ ಬರುತ್ತದೆ.

ಶಂಕುಸ್ಥಾಪನೆಯ ಕಲ್ಲು, ಹಳೆಯ ಬೋರ್ಡು ಎಲ್ಲವೂ ಬೇಕು. ಅದರಲ್ಲಿ ಯಾವ ಯಾವ ಭಾಷೆ ಇದೆ ಅಂತ ಬರೆದಿಡಿ. ಕಾಸರಗೋಡು ಸರ್ಕಾರಿ ಕಾಲೇಜು ಶುರುವಾದದ್ದು 1957ರಲ್ಲಿ, ಈ ನಾಡು ಕೇರಳಕ್ಕೆ ಸೇರಿದ ಮರುವರ್ಷ. ಅಲ್ಲಿಂದ ಈಚೆಗೆ ನಮ್ಮ ಶಾಲೆ, ಕಾಲೇಜುಗಳ ಗೋಡೆಯಲ್ಲಿ ಯಾವ ಅಕ್ಷರ ಬಂತು, ಯಾವುದು ಬಣ್ಣದಡಿ ಹೋಯಿತು ಎನ್ನುವುದೇ ಒಂದು ಚರಿತ್ರೆ. ಸುಣ್ಣದಡಿಯಿಂದ ಅರ್ಧ ಇಣುಕುವ ಒಂದು ಕನ್ನಡ ಸಾಲು ಸಿಕ್ಕರೂ ನನಗೆ ಅದು ದೊಡ್ಡದೇ. ಇವತ್ತೇ ಫೋಟೊ ತೆಗೆಯಿರಿ.

ಕತೆ ಕೇಳುವುದು

ಅಟೆಂಡರ್, ಕ್ಯಾಂಟೀನಿನ ಅಕ್ಕ, ನಿವೃತ್ತ ಮೇಷ್ಟ್ರು, ಗೇಟಿನ ಎದುರಿನ ಅಂಗಡಿಯ ಕಾಕ. ಇವರ ಹತ್ತಿರ ಇರುವಷ್ಟು ಕತೆ ಕಚೇರಿಯ ಕಡತದಲ್ಲಿ ಇರುವುದಿಲ್ಲ. ‘ಭೂತ ಉಂಟಾ?’ ಅಂತ ಕೇಳಬೇಡಿ. ‘ಕಾಲೇಜು ಕಟ್ಟುವ ಮೊದಲು ಈ ಪಾರೆಯಲ್ಲಿ (ಬಂಡೆಯ ಬಯಲಲ್ಲಿ) ಏನಿತ್ತು?’ ಅಂತ ಕೇಳಿ, ಸುಮ್ನೆ ಕೂತು ಕೇಳಿಸಿಕೊಳ್ಳಿ. ಗುಳಿಗ ದೈವದ ಕಲ್ಲು, ನಾಗಬನ ತಾನಾಗಿಯೇ ಮಾತಿಗೆ ಬರುತ್ತವೆ. ಒಪ್ಪಿದರೆ ಮಾತ್ರ ರೆಕಾರ್ಡ್ ಮಾಡಿ. ಹೇಳಿದ ಭಾಷೆಯಲ್ಲೇ ಬರೆದು, ಕೆಳಗೆ ಕನ್ನಡದ ಅರ್ಥ ಕೊಡಿ.

ನಾಗಬನ, ದೈವಸ್ಥಾನಗಳ ಫೋಟೊಗೆ ಅಲ್ಲಿ ನಡೆಸಿಕೊಂಡು ಬರುವವರನ್ನು ಕೇಳಲೇಬೇಕು. ಬೇಡ ಅಂದರೆ ಕತೆ ಮಾತ್ರ ಸಾಕು. ಹಾಸ್ಟೆಲ್ ಕಿಟಕಿಗಳು, ಗುರುತು ಸಿಗುವ ಮುಖಗಳು ಬೇಡ. ‘ಇಲ್ಲೊಬ್ಬರು ಸತ್ತಿದ್ದರಂತೆ’ ಎಂಬ ಕತೆಗೆ ನಿಜವಾದ ಹೆಸರು ಸೇರಿಸಬೇಡಿ. ಅವರ ಮನೆಯವರು ಇದೇ ಊರಲ್ಲಿ ಇರುತ್ತಾರೆ.

ಒಟ್ಟು ಮಾಡುವುದು

ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿದರೆ ಜಿಯೋಟ್ಯಾಗ್ ಅಳಿದುಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿ. ಆಮೇಲೆ ಒಂದು ಪಟ್ಟಿ: ಫೋಟೊ ಸಂಖ್ಯೆ, ಅಕ್ಷಾಂಶ, ರೇಖಾಂಶ, ಜಾಗಕ್ಕೆ ಜನ ಕರೆಯುವ ಹೆಸರು, ಕತೆ, ಭಾಷೆ, ದಿನಾಂಕ. ದಶಾಂಶದ ನಂತರ 5 ಅಂಕಿ ಇರಲಿ, ಅಂದರೆ ಸುಮಾರು 1 ಮೀಟರ್ ಲೆಕ್ಕ. ಕಾಸರಗೋಡು ಪೇಟೆ 12.5, 75.0ರ ಆಸುಪಾಸಿನಲ್ಲಿದೆ. ಅಕ್ಷಾಂಶ, ರೇಖಾಂಶ ಅದಲುಬದಲಾದರೆ ನಿಮ್ಮ ಹಾಲೆಮರ ಉತ್ತರ ಧ್ರುವದ ಕಡೆಯ ಸಮುದ್ರಕ್ಕೆ ಹೋಗಿಬಿಡುತ್ತದೆ.

ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಟ್ಟಿಯ ಫೈಲು) ಆಗಿ ಉಳಿಸುವಾಗ, ಎಲ್ಲ ಲಿಪಿಗಳನ್ನೂ ಉಳಿಸುವ ‘ಯುಟಿಎಫ್-8’ ಆಯ್ಕೆ ಮಾಡಿ. ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆಗಬಹುದು. ಆ ಫೈಲನ್ನು ಗೂಗಲ್ ಮೈ ಮ್ಯಾಪ್ಸ್‌ಗೆ ಹಾಕಿದರೆ ಚುಕ್ಕಿಗಳು ಮೂಡುತ್ತವೆ. ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಬಳಸುವ ಯುಮ್ಯಾಪ್ ಕೂಡ ಉಚಿತ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದೇ ಜಾಗಕ್ಕೆ ಕನ್ನಡ, ತುಳು, ಮಲಯಾಳ ಹೆಸರುಗಳನ್ನು ಬೇರೆ ಬೇರೆಯಾಗಿ ಕೊಡಬಹುದು. ಮಂಜೇಶ್ವರದಂಥ ನಮ್ಮ ಊರಿನ ಹೆಸರು ಮಲಯಾಳದ ರೀತಿಯಲ್ಲಿ ‘ಮಂಜೇಶ್ವರಂ’ ಆಗುವ ಕಾಲದಲ್ಲಿ ಇದು ಸಣ್ಣ ವಿಷಯವಲ್ಲ.

ಎಲ್ಲರಿಗೂ ತೆರೆಯುವ ಮೊದಲು ಕತೆ ಹೇಳಿದವರಿಗೆ ಫೋನಿನಲ್ಲಿ ತೋರಿಸಿ, ತಪ್ಪಿದ್ದರೆ ತಿದ್ದಿಸಿಕೊಳ್ಳಿ. ಮೂಲ ಫೋಟೊಗಳ ಒಂದು ಪ್ರತಿ ಲೈಬ್ರರಿಯಲ್ಲಿ ಇರಲಿ. ಮುಂದಿನ ವರ್ಷದ ತಂಡ ಅದೇ ಜಾಗದಲ್ಲಿ ನಿಂತು ಮತ್ತೆ ಫೋಟೊ ತೆಗೆಯಲಿ. ಅಷ್ಟರಲ್ಲಿ ಮರ ಕಡಿದಿದ್ದರೆ ಚುಕ್ಕಿ ಅಳಿಸಬೇಡಿ. ‘ಇಲ್ಲಿ ಹಾಲೆಮರ ಇತ್ತು’ ಅಂತ ತಿದ್ದಿ, ಕಡಿದ ವರ್ಷ ಸೇರಿಸಿ.