ಓಲೆಯ ಹಿಂಬದಿ: ಒಬ್ಬ ಅಕ್ಕಸಾಲಿಯ ಅನುಭವ

ಗಿರಾಕಿಗಳು ಓಲೆ ಕೈಗೆತ್ತಿಕೊಂಡರೆ ಹರಳು ನೋಡುತ್ತಾರೆ, ಸಣ್ಣ ಸಣ್ಣ ಚಿನ್ನದ ಗುಂಡು ಕೂರಿಸಿದ ರವೆ ಕೆಲಸ ನೋಡುತ್ತಾರೆ, ಆಮೇಲೆ ಕನ್ನಡಿ ಕೇಳುತ್ತಾರೆ. ನಾನು ಅದನ್ನೇ ತಿರುಗಿಸಿ ಹಿಂಬದಿ ನೋಡುತ್ತೇನೆ. ಕಿವಿಗೆ ತೂರುವ ಕಡ್ಡಿ ಎಲ್ಲಿ ಕೂತಿದೆ, ಎಷ್ಟು ದಪ್ಪ ಇದೆ, ತಿರುಪಿನ ಸುತ್ತು ಸವೆದಿದೆಯಾ, ಇಷ್ಟು ನೋಡಿದರೆ ಮಾಡಿದವನ ಕೈ ಎಂಥದ್ದು ಅಂತ ಗೊತ್ತಾಗುತ್ತದೆ. ಬಳೆ ಸ್ವಲ್ಪ ದೊಡ್ಡದಾದರೂ ನಡೆದೀತು, ಸರ ಒಂದಂಗುಲ ಉದ್ದವಾದರೆ ಯಾರೂ ಕೇಳುವುದಿಲ್ಲ. ಓಲೆ, ಮೂಗುತಿಗಳು ಹಾಗಲ್ಲ, ಮೈಯನ್ನೇ ತೂರಿ ಕೂರುವ ಒಡವೆಗಳು ಅವು. ಅದರಲ್ಲೂ ಓಲೆಯ ಅಷ್ಟೂ ಭಾರ ಬೀಳುವುದು ಎಲುಬಿಲ್ಲದ ಕಿವಿಯ ಹಾಲೆಯ ಮೇಲೆ. ಮೂಗಿಗಿಂತ ಮೂಗುತಿ ಭಾರ ಅನ್ನುವ ಗಾದೆಯನ್ನು ನಮ್ಮ ಕೆಲಸದಲ್ಲಿ ತಕ್ಕಡಿಗೆ ಹಾಕಿ ತೂಗಿಯೇ ನೋಡಬೇಕಾಗುತ್ತದೆ.

ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ನಮ್ಮ ಅಂಗಡಿ. ತಾತ, ಅಪ್ಪ, ಈಗ ನಾನು. ಅಪ್ಪ ನನಗೆ ಓಲೆಯ ಮೊದಲ ಪಾಠ ಹೇಳಿದ್ದು ಒಡವೆ ಬಡಿಯುವ ಅಡಿಗಲ್ಲಿನ ಮುಂದೆ ಕೂರಿಸಿಕೊಂಡಲ್ಲ, ಬೇಲೂರಿಗೆ ಕರೆದುಕೊಂಡು ಹೋಗಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿ ಅದು. ಬಂದವರೆಲ್ಲ ಮದನಿಕೆಯರ ಭಂಗಿ ನೋಡುತ್ತಿದ್ದರೆ ಅಪ್ಪ ಕಿವಿ ನೋಡು ಅಂದರು. ಬಳಪದ ಕಲ್ಲು ಮೆದು, ಹಾಗಾಗಿ ಶಿಲ್ಪಿಗಳು ಮಣಿ ಮಣಿಯನ್ನೂ ಬಿಡಿಸಿ ಕೊರೆದಿದ್ದಾರೆ. ಕಿವಿಯಲ್ಲಿ ಚಕ್ರದಂಥ ದೊಡ್ಡ ಓಲೆ, ಅದರ ಸುತ್ತ ಹಿಗ್ಗಿ ಕೂತ ಹಾಲೆ. ಕಡ್ಡಿಯಿಲ್ಲ, ತಿರುಪಿಲ್ಲ. ಒಡವೆ ತೂತನ್ನೇ ಪೂರ್ತಿ ತುಂಬಿಕೊಂಡಿರುವುದರಿಂದ ಭಾರ ಅಂಚಿಗೆಲ್ಲ ಹಂಚಿಹೋಗುತ್ತದೆ. ಅಂಥ ತೂತು ಒಂದು ದಿನದಲ್ಲಿ ಆಗುವುದಲ್ಲ. ತಾಳೆಗರಿಯನ್ನು ಬಿಗಿಯಾಗಿ ಸುರುಳಿ ಸುತ್ತಿ ತುರುಕಿದರೆ ಅದು ಬಿಚ್ಚಿಕೊಳ್ಳಲು ನೋಡುತ್ತ ತೂತನ್ನು ಮೆಲ್ಲಗೆ ಅಗಲ ಮಾಡುತ್ತದೆ. ದಕ್ಷಿಣದ ಹೆಂಗಸರು, ಗಂಡಸರು ಶತಮಾನಗಳ ಕಾಲ ಮಾಡಿದ್ದು ಇದನ್ನೇ. ನಮ್ಮ ಜಿಲ್ಲೆಯದೇ ಆದ ಶ್ರವಣಬೆಳಗೊಳದ ಗೊಮ್ಮಟನಿಗೂ ನೀಳ ಕಿವಿ, ಆದರೆ ಒಡವೆ ಇಲ್ಲ. ಅರಸುಮಗನಾಗಿದ್ದಾಗ ತೊಟ್ಟಿದ್ದನ್ನೆಲ್ಲ ಬಿಟ್ಟ ಮೇಲೂ ಹಾಲೆ ಮಾತ್ರ ಹಿಂದಿನ ಹಾಗೆ ಆಗಲಿಲ್ಲ ಅಂತ ಅಪ್ಪ ಹೇಳುತ್ತಿದ್ದರು. ಶಾಸ್ತ್ರಕ್ಕಿಂತ ಕಸುಬಿನ ಮಾತು ಅದು ಅಂತಿಟ್ಟುಕೊಳ್ಳಿ.

ಕಲ್ಲಿನಲ್ಲಿ ಕಾಣುವ ಆಭರಣ ಬರೀ ಶಿಲ್ಪಿಯ ಕಲ್ಪನೆ ಅನ್ನುವವರೂ ಇದ್ದಾರೆ. ಆದರೆ 1520ರ ಸುಮಾರಿಗೆ ವಿಜಯನಗರ ಕಂಡ ಪೋರ್ಚುಗೀಸ ದೊಮಿಂಗೊ ಪಾಯಸ್, ಮಹಾನವಮಿಯಲ್ಲಿ ಅರಮನೆಯ ಹೆಂಗಸರು ಬಂಗಾರದ ಭಾರ ತಡೆಯಲಾಗದೆ ಇತರರು ತೋಳು ಹಿಡಿದು ಆಸರೆ ಕೊಡುತ್ತಿದ್ದರೆಂದು ಬರೆದಿದ್ದಾನೆ. ಭಾರ ಹೊರುವ ಹುಚ್ಚು ನಮಗೆ ಹಳೆಯದು. ಹೊರುವ ಉಪಾಯವೂ ಅಷ್ಟೇ ಹಳೆಯದು, ಈಗ ಮರೆತಿರುವುದು ಆ ಉಪಾಯ.

ಈಗ ತೂತು ಸಣ್ಣದು, ಕಡ್ಡಿ ತೆಳು, ಜುಮುಕಿ ಮಾತ್ರ ದೊಡ್ಡದೇ ಬೇಕು. ತೆಳ್ಳನೆ ಕಡ್ಡಿಗೆ ಭಾರ ನೇತುಹಾಕಿದರೆ ದಾರದಲ್ಲಿ ಬೆಣ್ಣೆ ಕೊಯ್ದ ಹಾಗೆ ಅದು ಹಾಲೆಯನ್ನು ವರ್ಷಾನುಗಟ್ಟಲೆ ಕೊಯ್ಯುತ್ತದೆ. ಚುಕ್ಕೆಯಂತಿದ್ದ ತೂತು ಗೀಟಾಗುತ್ತದೆ, ಆಮೇಲೆ ಒಂದು ದಿನ ಸೀಳುತ್ತದೆ. ನಮ್ಮ ವ್ಯಾಪಾರದಲ್ಲಿ ಬಾಂಬೆ ಸ್ಕ್ರೂ, ಸೌತ್ ಸ್ಕ್ರೂ ಅಂತ ಎರಡು ಬಗೆ. ಬಾಂಬೆಯದು ಸಪೂರ, ಹೊಸದಾಗಿ ಚುಚ್ಚಿಸಿಕೊಂಡವರಿಗೂ ನೋವಿಲ್ಲದೆ ಹೋಗುತ್ತದೆ. ಸೌತ್ ದಪ್ಪ, ನಮ್ಮ ಅಜ್ಜಿಯರ ಬೆಂಡೋಲೆಗಳಿಗೆಲ್ಲ ಅದೇ. ಕಾಲೇಜು ಹುಡುಗಿಯರು ಸೌತ್ ಸ್ಕ್ರೂ ನೋಡಿದರೆ ಮುಖ ಕಿವುಚುತ್ತಾರೆ. ಆದರೆ ಭಾರದ ಓಲೆಗೆ ನಾನು ಅದನ್ನೇ ಹಾಕುವುದು. ಬಾಂಬೆಯೇ ಬೇಕೆಂದು ಹಠ ಹಿಡಿದರೆ ಒಂದೊಂದು ಕಿವಿಗೆ ಆರು ಗ್ರಾಂ ದಾಟಿಸುವುದಿಲ್ಲ. ಇದು ಯಾವ ಪುಸ್ತಕದ ಲೆಕ್ಕವೂ ಅಲ್ಲ, ಹರಿದ ಕಿವಿಗಳನ್ನು ನೋಡಿ ನೋಡಿ ನಾನೇ ಹಾಕಿಕೊಂಡ ಗೆರೆ.

ಆರ್ಡರ್ ಬಂದಾಗ ನಾನು ಹೋಗುವ ದಾರಿ ಹೀಗೆ. ಮೊದಲು ಹಾಲೆಯ ದಪ್ಪ ನೋಡುತ್ತೇನೆ. ದಪ್ಪ ಹಾಲೆಗೆ ಕಡ್ಡಿ ಗಿಡ್ಡವಾದರೆ ತಿರುಪು ಒತ್ತಿ ಹುಣ್ಣಾಗುತ್ತದೆ. ತೆಳು ಹಾಲೆಗೆ ಕಡ್ಡಿ ಉದ್ದವಾದರೆ ಓಲೆ ಮುಂದಕ್ಕೆ ಮುಖ ಮಾಡಿ ಜೋಲುತ್ತದೆ. ಆಮೇಲೆ ಓಲೆಯ ಅಳತೆಗೆ ಹಿತ್ತಾಳೆ ತಗಡಿನ ಬಿಲ್ಲೆ ಕತ್ತರಿಸಿ, ತಂತಿ ತೂರಿಸಿ ನೇತುಹಾಕಿ ಅದು ಎತ್ತ ವಾಲುತ್ತದೆ ಅಂತ ನೋಡುತ್ತೇನೆ. ಕಡ್ಡಿಯನ್ನು ಬಿಲ್ಲೆಯ ಸರಿಮಧ್ಯಕ್ಕೆ ಬೆಸೆದರೆ ನೋಡಲು ಅಚ್ಚುಕಟ್ಟು, ತೊಟ್ಟಾಗ ಓಲೆಯ ತಲೆ ಬಾಗುತ್ತದೆ. ಮಧ್ಯಕ್ಕಿಂತ ಸ್ವಲ್ಪ ಮೇಲೆ ಬೆಸೆದರೆ ಕೆಳಗಿನ ಭಾರವೇ ಅದನ್ನು ಕೆನ್ನೆಗೆ ಒರಗಿಸಿ ನಿಲ್ಲಿಸುತ್ತದೆ. ಈ ಕೂದಲೆಳೆ ವ್ಯತ್ಯಾಸಕ್ಕೆ ಮಜೂರಿ ಯಾರೂ ಕೊಡುವುದಿಲ್ಲ, ಆದರೆ ಗಿರಾಕಿ ಮತ್ತೆ ಬರುವುದು ಅದಕ್ಕೇ.

ಚಿನ್ನದ ಹದ ಎಲ್ಲರಿಗೂ ಗೊತ್ತಿರುವುದೇ. ಹತ್ತು ಗ್ರಾಂ ಅಪರಂಜಿಗೆ ಒಂಬೈನೂರು ಮಿಲಿಗ್ರಾಂ ತಾಮ್ರ, ಬೆಳ್ಳಿ ಬಿದ್ದರೆ 22 ಕ್ಯಾರೆಟ್ಟು, ಅಂದರೆ 916, ಸಾವಿರ ಪಾಲಿಗೆ ಅಷ್ಟು ಪಾಲು ಅಪ್ಪಟ ಚಿನ್ನ. ತಾಮ್ರ ಹೆಚ್ಚಾದರೆ ಕೆಂಪು ಛಾಯೆ, ಬೆಳ್ಳಿ ಹೆಚ್ಚಾದರೆ ತಿಳಿ. ಮೂಸೆಯಲ್ಲಿ ಬಿಳಿಗಾರ ಹಾಕಿ ಕರಗಿಸಿ, ತಗಡು ಮಾಡಿ, ದುಂಡಗೆ ಕತ್ತರಿಸಿ, ಗುಂಡಿಯಚ್ಚಿನ ಮೇಲಿಟ್ಟು ಬಡಿದರೆ ಜುಮುಕಿಯ ಬಟ್ಟಲು. ರವೆ ಕೆಲಸ ಮಾತ್ರ ನನಗೆ ಇವತ್ತಿಗೂ ಖುಷಿ. ಸಪೂರ ತಂತಿಯನ್ನು ಚೂರು ಚೂರು ಮಾಡಿ ಇದ್ದಿಲ ಪುಡಿಯಲ್ಲಿ ಹರಡಿ ಕಾಯಿಸಿದರೆ ಒಂದೊಂದು ಚೂರೂ ತಾನೇ ಸುತ್ತಿಕೊಂಡು ಗುಂಡಗಾಗುತ್ತದೆ. ನಾವು ಮಾಡುವುದು ಕಾಯುವ ಕೆಲಸ ಅಷ್ಟೇ.

ಬೆಸುಗೆಯ ವಿಚಾರಕ್ಕೆ ಬಂದರೆ ಹಳೆಯದಕ್ಕೂ ಹೊಸದಕ್ಕೂ ಅಂತರ ಬಹಳ. ಹಿಂದೆ ಚಿನ್ನಕ್ಕೆ ತಾಮ್ರ ಹೆಚ್ಚಾಗಿ ಬೆರೆಸಿದ ಬೆಸುಗೆ ಹಾಕುತ್ತಿದ್ದರು, ಒಡವೆ ಕರಗಿಸಿದಾಗ ಮಚ್ಚ, ಅಂದರೆ ಚಿನ್ನದ ಶುದ್ಧತೆ, ಇಳಿಯುತ್ತಿತ್ತು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಅಂತ ನಮ್ಮನ್ನು ಬೈದದ್ದರಲ್ಲಿ ಈ ಬೆಸುಗೆಯ ಪಾಲೂ ಇದೆ. ಆಮೇಲೆ ಕೆಡಿಎಂ ಬಂತು. ಅದರ ಬೆಸುಗೆಯಲ್ಲಿ ಕ್ಯಾಡ್ಮಿಯಂ. ಮಚ್ಚ ಹೆಚ್ಚು ಇಳಿಯುವುದಿಲ್ಲ, ಗಿರಾಕಿಗೆ ಲಾಭ. ಆದರೆ ಚಿನ್ನ ಕರಗಲು 1064 ಡಿಗ್ರಿ ಬೇಕು, ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿದು ಹೊಗೆಯಾಗುತ್ತದೆ. ಊದುಗೊಳವೆ ಹಿಡಿದು ಅದರ ಮುಂದೆ ಕೂತವನ ಶ್ವಾಸಕೋಶ, ಮೂತ್ರಪಿಂಡ ಹಾಳು. ಈಗಲೂ "ಕೆಡಿಎಂ ತಾನೆ ಆಚಾರ್ರೇ?" ಅಂತ ಮೆಚ್ಚುಗೆಯಿಂದ ಕೇಳುವವರಿದ್ದಾರೆ. ಇಲ್ಲಮ್ಮ, ಹಾಲ್‌ಮಾರ್ಕ್ ನೋಡಿ ಅನ್ನುತ್ತೇನೆ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು, 916 ಮತ್ತು ಒಂದೊಂದು ಒಡವೆಗೂ ಬೇರೆ ಬೇರೆಯಾಗಿ ಕೊಡುವ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಎಚ್‌ಯುಐಡಿ, ಇಷ್ಟು ಇರಬೇಕು. 2023ರ ಏಪ್ರಿಲ್‌ನಿಂದ ಎಚ್‌ಯುಐಡಿ ಇಲ್ಲದ್ದನ್ನು ಮಾರುವ ಹಾಗಿಲ್ಲ. ಎರಡು ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ ವಿನಾಯಿತಿ ಇರುವುದರಿಂದ ಮಗುವಿನ ಸಣ್ಣ ಓಲೆಯ ಮೇಲೆ ಗುರುತು ಕಾಣದಿದ್ದರೆ ಗಾಬರಿ ಬೇಡ, ರಸೀದಿ ಕೇಳಿ ಇಟ್ಟುಕೊಳ್ಳಿ.

ಕಿವಿ ಚುಚ್ಚುವುದನ್ನು ನಾನು ಈಗಲೂ ಬಿಟ್ಟಿಲ್ಲ. ಸೋದರಮಾವನ ತೊಡೆಯ ಮೇಲೆ ಮಗು, ಸುತ್ತ ಹತ್ತು ಜನ, ಎಲ್ಲರಿಗೂ ಒಂದೊಂದು ಸಲಹೆ. ಮಗು ಅಳುವುದಕ್ಕೆ ಮೊದಲು ಅಜ್ಜಿ ಅಳುತ್ತಿರುತ್ತಾರೆ. ಚುಚ್ಚುವುದು ಕ್ಷಣದ ಕೆಲಸ, ಸಮಯ ಹಿಡಿಯುವುದು ಗುರುತು ಹಾಕುವುದಕ್ಕೆ. ಎರಡೂ ಕಿವಿಯನ್ನು ಎದುರಿನಿಂದ ನೋಡಿಯೇ ಚುಕ್ಕೆ ಇಡಬೇಕು, ಪಕ್ಕದಿಂದ ನೋಡಿ ಇಟ್ಟರೆ ಒಂದು ಮೇಲೆ ಒಂದು ಕೆಳಗೆ. ಕೆಳಗೆ ಚುಚ್ಚಿದರೆ ಮುದ್ದಾಗಿ ಕಾಣುತ್ತದೆ ಅಂತ ಕೆಲವರು ಒತ್ತಾಯ ಮಾಡುತ್ತಾರೆ. ಒಪ್ಪುವುದಿಲ್ಲ. ಅಂಚಿಗೆ ಹತ್ತಿರವಾದಷ್ಟೂ ಮುಂದೆ ಹರಿಯುವುದು ಬೇಗ. ತಂತಿ ಅಪ್ಪಟ ಚಿನ್ನದ್ದೇ ಇರಲಿ. ಅಗ್ಗದ ಓಲೆಯ ನಿಕ್ಕಲ್ಲು ಎಷ್ಟೋ ಜನರ ಮೈಗೆ ಆಗುವುದಿಲ್ಲ, ಒಮ್ಮೆ ಅಲರ್ಜಿ ಹತ್ತಿದರೆ ಜೀವಮಾನವಿಡೀ ಬಿಡುವುದಿಲ್ಲ.

ಹರಿದ ಕಿವಿಯವರು ಬಂದರೆ ನಾನು ಮುಟ್ಟುವುದಿಲ್ಲ, ಡಾಕ್ಟರ ಹತ್ತಿರ ಕಳಿಸುತ್ತೇನೆ. ಹೊಲಿಗೆ ಪೂರ್ತಿ ಮಾಗಿ, ಅವರು ಸರಿ ಅಂದ ಮೇಲೆ ಕಲೆಯ ಗೆರೆ ಬಿಟ್ಟು ಪಕ್ಕದಲ್ಲಿ ಚುಚ್ಚುತ್ತೇನೆ. ಇದೇನೂ ಇಂದಿನ ತೊಂದರೆಯಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯ ಕಿವಿ ಚುಚ್ಚುವುದರಿಂದ ಶುರುವಾಗಿ ಹರಿದ ಹಾಲೆ ಕೂಡಿಸುವ ಹದಿನೈದು ಬಗೆಗಳನ್ನು ಹೇಳಿ, ಕತ್ತರಿಸಿದ ಮೂಗನ್ನು ಮತ್ತೆ ಕಟ್ಟುವುದರವರೆಗೆ ಹೋಗುತ್ತದೆ. ಓಲೆಯ ಆಸೆ ಇಲ್ಲದಿದ್ದರೆ ಅಷ್ಟು ಹೊಲಿಗೆ ಯಾರು ಕಲಿಯುತ್ತಿದ್ದರು?

ಆಸೆಯನ್ನು ಸರ್ಕಾರವೂ ಒಮ್ಮೆ ತಡೆಯಲು ನೋಡಿತ್ತು. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿ ಅರ್ಥಮಂತ್ರಿಯಾಗಿದ್ದಾಗ 14 ಕ್ಯಾರೆಟ್ಟಿಗಿಂತ ಮೇಲಿನ ಹೊಸ ಒಡವೆ ಮಾಡಕೂಡದು ಅಂತ ಕಾನೂನು ಬಂತು. ತಾತ ಆ ದಿನಗಳ ಮಾತೆತ್ತಿದರೆ ಸಿಟ್ಟಾಗುತ್ತಿದ್ದರು. 14ರ ಚಿನ್ನ ಗಡುಸು, ಬಡಿದರೆ ಬಿರುಕು ಬಿಡುತ್ತದೆ, ಹರಳು ಕೂರಿಸುವ ಕುಂದಣದ ಕೆಲಸಕ್ಕೆ ಒಗ್ಗುವುದಿಲ್ಲ. ಎಷ್ಟೋ ಮನೆಯವರು ಕಸುಬು ಬಿಟ್ಟು ಕೂಲಿಗೆ ಹೋದರು. ಆಮೇಲೆ ಬಂದ 1968ರ ಚಿನ್ನ ನಿಯಂತ್ರಣ ಕಾಯ್ದೆ ರದ್ದಾಗಿದ್ದು 1990ರಲ್ಲಿ. ಅಷ್ಟರಲ್ಲಿ ನಮ್ಮ ಬೀದಿಯ ಅಗ್ಗಿಷ್ಟಿಕೆಗಳಲ್ಲಿ ಹೆಚ್ಚಿನವು ಆರಿದ್ದವು.

ನನಗೆ ಹೆಚ್ಚು ಕಲಿಸಿದ ಕೆಲಸ ಹಳೇ ಬೆಂಡೋಲೆಯೊಂದರದು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗಿಯೊಬ್ಬಳು ಅಜ್ಜಿಯ ಏಳು ಕೆಂಪಿನ, ಅಂದರೆ ಮಾಣಿಕ್ಯದ, ಬೆಂಡೋಲೆ ತಂದಳು. "ಕರಗಿಸೋದು ಬೇಡ ಅಂಕಲ್, ಆದ್ರೆ ನನ್ನ ಕಿವಿಗೆ ಈ ಕಡ್ಡಿ ಹೋಗಲ್ಲ." ಕರಗಿಸು ಅಂದಿದ್ದರೆ ಅರ್ಧ ದಿನದ ಕೆಲಸ. ಇಡುವುದೇ ಕಷ್ಟ. ಅಜ್ಜಿಯ ಕಡ್ಡಿ ದಪ್ಪ, ಮೊಮ್ಮಗಳ ತೂತು ಸಣ್ಣದು. ಕಡ್ಡಿ ಬದಲಿಸಬೇಕಾದರೆ ಬೆಂಕಿ ತೋರಿಸಬೇಕು. ಒಳಗೆ ಅರಗು ತುಂಬಿದೆ, ಬಿಸಿ ತಾಗಿದರೆ ಕರಗಿ ಹರಳುಗಳೆಲ್ಲ ಜಾರುತ್ತವೆ. ಹರಳಿನ ಹಿಂದೆ ಹೊಳಪಿಗೆಂದು ಇಟ್ಟ ಮಿಣುಕು ತಗಡಿರುತ್ತದೆ, ಅದಕ್ಕೆ ನೀರು ಸೋಕಿದರೂ ಕಪ್ಪಾಗುತ್ತದೆ. (ಅಜ್ಜಿಯ ಹರಳಿನ ಹಿಂಬದಿ ಮುಚ್ಚಿದ ಮುಚ್ಚುಕಟ್ಟಿನ ಓಲೆಯನ್ನು ಸೋಪಿನ ನೀರಲ್ಲಿ ನೆನೆಹಾಕಿ ಉಜ್ಜುವ ಅಭ್ಯಾಸ ಇದ್ದರೆ ದಯವಿಟ್ಟು ಇವತ್ತೇ ನಿಲ್ಲಿಸಿ. ಒಣ ಮೆದು ಬಟ್ಟೆ ಸಾಕು.)

ಮುಂಭಾಗಕ್ಕೆ ಕೈ ಹಚ್ಚದೆ ಹಳೇ ಕಡ್ಡಿಯನ್ನು ಬುಡ ಬಿಟ್ಟು ಗರಗಸದಲ್ಲಿ ಕೊಯ್ದೆ. ಹೊಸ ಕಡ್ಡಿ ಬೆಸೆಯಲು ಬೆಂಗಳೂರಿನ ನಗರ್ತಪೇಟೆಗೆ ಒಯ್ದು ಲೇಸರ್ ಯಂತ್ರ ಹಿಡಿದೆ. ಅದರ ಕಾವು ಸೂಜಿಮೊನೆಯಷ್ಟು ಜಾಗಕ್ಕೆ ಮಾತ್ರ ತಾಗುತ್ತದೆ, ಅರಗಿಗೆ ಗೊತ್ತಾಗುವುದೂ ಇಲ್ಲ. ಹೊಸ ಕಡ್ಡಿಯನ್ನು ಹಳೆಯದಕ್ಕಿಂತ ಒಂದು ಚೂರು ಮೇಲೆ ಇಟ್ಟೆ. ತಿರುಪಿಗೆ ಅಗಲದ ಬಿಲ್ಲೆ ಕೊಟ್ಟೆ, ಒತ್ತಡ ಹಾಲೆಯ ಹಿಂಬದಿಗೆ ಹರಡಲಿ ಅಂತ. ಇಷ್ಟರ ಮೇಲೂ ಭಾರ ಹೆಚ್ಚೆನಿಸಿ ಮಾಟಿ ಹಾಕಿಕೊಟ್ಟೆ, ಮುತ್ತಿನದು, ಕಿವಿಯ ಮೇಲಿಂದ ಹಾದು ಕೂದಲಿಗೆ ಸಿಕ್ಕಿಸುವುದು. ಜನ ಅದನ್ನು ಅಲಂಕಾರ ಅಂದುಕೊಳ್ಳುತ್ತಾರೆ. ಭಾರವನ್ನು ಹಾಲೆಯಿಂದ ತಲೆಗೆ ದಾಟಿಸುವುದು ಅದರ ಕೆಲಸ. ಭರತನಾಟ್ಯದವರು ಜುಮುಕಿ ಕಟ್ಟಿ ಗಂಟೆಗಟ್ಟಲೆ ಕುಣಿಯುವುದು ಅದರ ಬಲದಿಂದಲೇ.

ಭೂತಗನ್ನಡಿಯಲ್ಲಿ ನೋಡುವಾಗ ಇನ್ನೊಂದು ಸಂಗತಿ ಕಂಡಿತು. ಏಳು ಕೆಂಪುಗಳಲ್ಲಿ ಎರಡರೊಳಗೆ ಬಾಗಿದ ಗೆರೆಗಳು. ಗಣಿಯಲ್ಲಿ ಬೆಳೆದ ಕೆಂಪಿನೊಳಗೆ ಗೆರೆಗಳಿದ್ದರೆ ನೇರ ಇರುತ್ತವೆ. ಬಾಗಿದ್ದರೆ ಅದು ಕುಲುಮೆಯದು. 1902ರಲ್ಲಿ ಫ್ರಾನ್ಸಿನ ವೆರ್ನೇಯ್ ಅನ್ನುವವನು ಜ್ವಾಲೆಯಲ್ಲಿ ಪುಡಿ ಕರಗಿಸಿ ಕೆಂಪು ಬೆಳೆಸುವ ವಿಧಾನ ಪ್ರಕಟಿಸಿದ ಮೇಲೆ ಅಂಥ ಹರಳು ಲೋಕದ ತುಂಬ ಹರಡಿದವು. ರಾಸಾಯನಿಕವಾಗಿ ಎರಡೂ ಒಂದೇ, ಬೆಲೆಯಲ್ಲಿ ಭೂಮಿ ಆಕಾಶ. ಹೇಳಲೋ ಬೇಡವೋ ಅಂತ ನಾನು ಯೋಚನೆ ಮಾಡುವುದಿಲ್ಲ, ಹೇಳಿಬಿಡುತ್ತೇನೆ. ಹುಡುಗಿ ನಕ್ಕಳು. "ಅಜ್ಜಿ ಎರಡು ಕಲ್ಲು ಬಿದ್ದುಹೋಗಿತ್ತು, ಹಾಕಿಸ್ಕೊಂಡೆ ಅಂತಿದ್ರು. ಇದೇ ಇರಬೇಕು." ಹಾಗೆಯೇ ಇರಲಿ ಅಂದಳು.

ಗಂಡಸರ ಓಲೆ ಈಗ ವಾಪಸು ಬರುತ್ತಿದೆ. ಹಳೇ ಮೈಸೂರಿನ ವಿದ್ವಾಂಸರು ಹತ್ತಕಡಕು ಅನ್ನುವ ಓಲೆ ಹಾಕುತ್ತಿದ್ದರು, ರೈತರ ಕಿವಿಯಲ್ಲಿ ಒಂಟಿ ಅನ್ನುವ ಒಡವೆ ಇರುತ್ತಿತ್ತು. ನಡುವಿನ ಒಂದು ತಲೆಮಾರು ಪ್ಯಾಂಟಿನ ಜೊತೆ ಚೆಂದವಲ್ಲ ಅಂತ ತೆಗೆದಿಟ್ಟಿತು. ಈಗ ಮಗ ಕಿವಿ ಚುಚ್ಚಿಸಿಕೊಳ್ಳಲು ಬಂದರೆ ಅಪ್ಪ ಮುಖ ಗಂಟಿಕ್ಕಿಕೊಂಡು ಹೊರಗೆ ನಿಲ್ಲುತ್ತಾರೆ, ತಮ್ಮ ಕಿವಿಯಲ್ಲೂ ಮುಚ್ಚಿದ ತೂತಿನ ಗುರುತಿದ್ದರೂ.

ಈಚಿನ ವರ್ಷಗಳಲ್ಲಿ ನನ್ನ ವಿನ್ಯಾಸವನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದ್ದು ಹೆಲ್ಮೆಟ್ಟು. ಸ್ಕೂಟರಿನಲ್ಲಿ ಓಡಾಡುವ ಟೀಚರಮ್ಮಂದಿರು, ಬ್ಯಾಂಕಿನವರು ಅದನ್ನು ತೆಗೆಯುವಾಗ ಜುಮುಕಿ ಒಳಗಿನ ಬಟ್ಟೆಗೆ ಸಿಕ್ಕಿಕೊಂಡು ಕಿವಿ ಎಳೆಯುತ್ತದೆ. ಅದಕ್ಕೇ ಈಗ ಓಲೆ ಬೇರೆ, ಜುಮುಕಿ ಬೇರೆ ಮಾಡುತ್ತೇನೆ. ಮೇಲಿನ ಓಲೆ ಚಪ್ಪಟೆ, ಅಂಚು ನಯ, ಕೆಳಗೆ ಕಾಣದ ಹಾಗೆ ಜುಮುಕಿ ಸಿಕ್ಕಿಸಲು ಒಂದು ಸಣ್ಣ ಬಳೆ. ಜುಮುಕಿಯ ಕೊಕ್ಕೆಯನ್ನು ಒಳಮುಖವಾಗಿ ಬಗ್ಗಿಸಿ ಬಾಯಿ ಕಿರಿದು ಮಾಡಿರುತ್ತೇನೆ, ನಡೆಯುವಾಗ ಕಳಚುವುದಿಲ್ಲ, ಬೆರಳಲ್ಲಿ ಒತ್ತಿದರೆ ಬರುತ್ತದೆ. ಶಾಲೆ ತಲುಪಿ ಗಾಡಿ ನಿಲ್ಲಿಸಿ, ಕನ್ನಡಿಯಲ್ಲಿ ನೋಡಿಕೊಂಡು ಸಿಕ್ಕಿಸಿಕೊಳ್ಳಬಹುದು. ಕೊಕ್ಕೆ ವರ್ಷದಲ್ಲಿ ಒಮ್ಮೆ ತಂದು ತೋರಿಸಿ ಅನ್ನುತ್ತೇನೆ, ಸವೆದಿದ್ದರೆ ಬಿಗಿ ಮಾಡಿ ಕೊಡುತ್ತೇನೆ, ಅದಕ್ಕೆ ಕಾಸು ತೆಗೆದುಕೊಳ್ಳುವುದಿಲ್ಲ.